ಆಣೆ ಇಟ್ಟವರು, ಭಯಪಡುವವರು

ನಮ್ಮ ಸೀಮೆಯಲ್ಲಿ ಗಡಿಯ ತಕರಾರೋ ಸಾಲದ ತಕರಾರೋ ಯಾವ ಪಂಚಾಯಿತಿಗೂ ಬಗ್ಗದೆ ಹೋದಾಗ ಕೊನೆಗೆ ಬರುವ ಮಾತು ಒಂದೇ: "ಹಾಗಾದರೆ ಕಾನತ್ತೂರಿಗೆ ಬಾ." ಕಾನತ್ತೂರಿನ ನಾಲ್ವರ್ ದೈವಗಳ ಹೆಸರೆತ್ತಿದೊಡನೆ ಸುಳ್ಳು ಹೇಳುವವನ ನಾಲಗೆ ತಡವರಿಸುತ್ತದೆ. ಎಷ್ಟೋ ವ್ಯಾಜ್ಯಗಳು ಅಲ್ಲಿಯ ತನಕ ಹೋಗದೆ ದಾರಿಯಲ್ಲೇ ರಾಜಿಯಾಗುವುದುಂಟು. ಇದನ್ನು ಮೂಢನಂಬಿಕೆ ಎನ್ನುವವರು ಎನ್ನಲಿ. ಆಡಿದ ಮಾತಿಗೆ ಎಲ್ಲಾದರೊಂದು ಕಡೆ ಲೆಕ್ಕ ಒಪ್ಪಿಸಬೇಕಾದೀತು ಎಂಬ ಅಂಜಿಕೆ ಸಾಮಾನ್ಯ ಜನರ ಬಾಳನ್ನು ಒಂದು ಅಂಕೆಯಲ್ಲಿ ಇರಿಸಿದೆ ಎಂಬುದು ಮಾತ್ರ ನಿಜ. ನಮ್ಮ ಪ್ರಶ್ನೆ ಇಷ್ಟೇ: ನಮ್ಮನ್ನು ಆಳುವವರಿಗೆ ಈ ಅಂಜಿಕೆಯ ಒಂದು ಪಾಲಾದರೂ ಇದೆಯೇ?

ಇಲ್ಲ ಎಂಬುದಕ್ಕೆ ಗೋವೆಯಷ್ಟು ಚೆನ್ನಾದ ಸಾಕ್ಷಿ ಬೇರೆ ಸಿಗದು. 2022ರ ಜನವರಿ 22ರಂದು, ವಿಧಾನಸಭಾ ಚುನಾವಣೆಯ ಮುನ್ನ, ಅಲ್ಲಿಯ ಕಾಂಗ್ರೆಸ್ ಪಕ್ಷ ತನ್ನ ಉಮೇದುವಾರರನ್ನು ಪಣಜಿಯ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಕರೆದೊಯ್ದಿತು. ಅಲ್ಲಿಂದ ಬಾಂಬೋಳಿಯ ಶಿಲುಬೆಯ ಬಳಿಗೆ, ಅಲ್ಲಿಂದ ಬೇತಿಯ ದರ್ಗಾಕ್ಕೆ. ಗೆದ್ದ ಮೇಲೆ ಪಕ್ಷ ಬಿಡುವುದಿಲ್ಲವೆಂದು ಮೂರು ಕಡೆಯೂ ಅವರಿಂದ ಪ್ರಮಾಣ ಮಾಡಿಸಲಾಯಿತು. ಒಬ್ಬ ದೇವರು ಸಾಲದೆಂದು ಮೂವರ ಜಾಮೀನು ಪಡೆದಂತಾಯಿತು. ಚುನಾವಣೆಯಲ್ಲಿ ಆ ಪಕ್ಷದಿಂದ ಹನ್ನೊಂದು ಮಂದಿ ಗೆದ್ದರು. ಅದೇ ವರ್ಷ ಸೆಪ್ಟೆಂಬರ್ 14ರಂದು ಅವರಲ್ಲಿ ಎಂಟು ಮಂದಿ ಭಾರತೀಯ ಜನತಾ ಪಕ್ಷಕ್ಕೆ ಹೋದರು. ಹಿಂದೊಮ್ಮೆ ಮುಖ್ಯಮಂತ್ರಿಗಳಾಗಿದ್ದ ದಿಗಂಬರ ಕಾಮತರು ಅವರಲ್ಲಿ ಒಬ್ಬರು. ಆಣೆಯ ಗತಿ ಏನೆಂದು ಪತ್ರಕರ್ತರು ಕೇಳಿದಾಗ, ತಾವು ಪುನಃ ದೇವಸ್ಥಾನಕ್ಕೆ ಹೋಗಿ ದೇವರನ್ನು ವಿಚಾರಿಸಿದುದಾಗಿಯೂ, ನಿನಗೆ ಒಳ್ಳೆಯದೆಂದು ತೋರಿದುದನ್ನು ಮಾಡು ಎಂದು ದೇವರು ಹೇಳಿದುದಾಗಿಯೂ ಅವರು ತಿಳಿಸಿದರು.

ಇಲ್ಲಿ ಒಂದು ಲೆಕ್ಕವನ್ನು ಓದುಗರು ಗಮನಿಸಬೇಕು. ನಮ್ಮ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧ, ಒಂದು ಪಕ್ಷದ ಶಾಸಕರಲ್ಲಿ ಮೂರನೇ ಎರಡು ಪಾಲು ಮಂದಿ ಒಟ್ಟಾಗಿ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ಅವರ ಸ್ಥಾನಕ್ಕೆ ರಕ್ಷಣೆ ಕೊಡುತ್ತದೆ. ಹನ್ನೊಂದರಲ್ಲಿ ಮೂರನೇ ಎರಡು ಪಾಲಿಗೆ ಕನಿಷ್ಠ ಎಂಟು ಮಂದಿ ಬೇಕು. ಹೋದವರು ಸರಿಯಾಗಿ ಎಂಟು. 2019ರ ಜುಲೈಯಲ್ಲಿ ಅದೇ ಪಕ್ಷದ ಹದಿನೈದು ಮಂದಿಯಲ್ಲಿ ಹತ್ತು ಮಂದಿ ಹೋಗಿದ್ದರು. ಹದಿನೈದರ ಮೂರನೇ ಎರಡು ಪಾಲು ಹತ್ತು. ದೇವರ ಅಪ್ಪಣೆ ಎರಡು ಸಲವೂ ಕಾಯಿದೆಯ ಗಣಿತಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಂಡಿತು. ಈ ಮಹಾಶಯರು ಹೆದರಿದ್ದು ಯಾವುದಕ್ಕೆ ಎಂಬುದು ಇದರಿಂದಲೇ ತಿಳಿಯುತ್ತದೆ. ಮಹಾಲಕ್ಷ್ಮಿಗೆ ಹೆದರಲಿಲ್ಲ, ಶಿಲುಬೆಗೆ ಹೆದರಲಿಲ್ಲ, ದರ್ಗಾಕ್ಕೆ ಹೆದರಲಿಲ್ಲ. ಸದಸ್ಯತ್ವ ರದ್ದಾದೀತೆಂಬ ಒಂದಕ್ಕೆ ಮಾತ್ರ ಹೆದರಿದರು.

ಇದು ಒಂದು ಪಕ್ಷದ ದೋಷವೆಂದು ನಾವು ಹೇಳುತ್ತಿಲ್ಲ. ತನ್ನವರನ್ನು ತಾನೇ ನಂಬಲಾರದೆ ಗುಡಿ, ಇಗರ್ಜಿ, ದರ್ಗಾಗಳನ್ನು ಕಾವಲಿಗೆ ನಿಲ್ಲಿಸಿದವರದೂ ತಪ್ಪು. ಆಣೆ ಮುರಿದು ಬಂದವರನ್ನು ಆರತಿ ಎತ್ತಿ ಬರಮಾಡಿಕೊಂಡವರದೂ ತಪ್ಪು. ಕರ್ನಾಟಕದಲ್ಲಿ 2011ರಲ್ಲಿ ಯಡಿಯೂರಪ್ಪನವರೂ ಕುಮಾರಸ್ವಾಮಿಯವರೂ ಧರ್ಮಸ್ಥಳದ ಮಂಜುನಾಥನ ಎದುರು ಆಣೆಯ ಪಂಥ ಕಟ್ಟಿದ್ದನ್ನು ನಮ್ಮವರು ಮರೆತಿಲ್ಲ. ದಿನ ಗೊತ್ತಾಯಿತು, ನಾಡೆಲ್ಲ ಕಾದು ಕುಳಿತಿತು. ಆಣೆ ಮಾತ್ರ ನಡೆಯಲಿಲ್ಲ.

ಆಣೆಯನ್ನು ಇಷ್ಟು ಹಗುರ ಮಾಡಿಕೊಂಡ ರಾಜಕಾರಣ ಧರ್ಮದ ಹೆಸರನ್ನು ಮಾತ್ರ ಬಿಡುವುದಿಲ್ಲ. ಅದೇ 2022ರ ಮಾರ್ಚಿನಲ್ಲಿ ಗೋವೆಯ ಮುಖ್ಯಮಂತ್ರಿ ಪ್ರಮೋದ್ ಸಾವಂತರು ಮಂಡಿಸಿದ ಮುಂಗಡಪತ್ರದಲ್ಲಿ, ಪೋರ್ತುಗೀಸರು ಕೆಡವಿದ ದೇವಸ್ಥಾನಗಳ ಪುನರ್ನಿರ್ಮಾಣಕ್ಕೆಂದು 20 ಕೋಟಿ ರೂಪಾಯಿ ತೆಗೆದಿಡಲಾಯಿತು. ನಾಲ್ಕು ಶತಮಾನಗಳ ಹಿಂದಿನ ಗಾಯದ ನೆನಪು ಹೀಗೆ ಸರಕಾರದ ಬಾಬತ್ತಾದ ಮೇಲೆ ಜನರ ಬಾಯಲ್ಲಿ ಹೆಚ್ಚಾಗಿ ಕೇಳಿಬಂದ ಊರುಗಳಲ್ಲಿ ಒಂದು ಸಾಂಕೋಲೆ.

ಸಾಂಕೋಲೆ ಮುರಗಾಂವ್ ತಾಲೂಕಿನಲ್ಲಿ, ಜುವಾರಿ ಹೊಳೆಯ ದಡದಲ್ಲಿದೆ. ಅಲ್ಲಿ ಆರೋಗ್ಯಮಾತೆಯ ಹಳೆಯ ಇಗರ್ಜಿಯ ಮುಂಭಾಗ ಒಂದೇ ಒಂದು ಗೋಡೆಯಾಗಿ ನಿಂತುಕೊಂಡಿದೆ. 1606ರಲ್ಲಿ ಕಟ್ಟಿದ ಇಗರ್ಜಿ 1834ರ ಬೆಂಕಿಗೆ ಆಹುತಿಯಾಯಿತು. ಉಳಿದದ್ದು ಈ ಮುಂಭಾಗವಷ್ಟೇ. ಇಂದು ಅದು ಗೋವೆ ಸರಕಾರದ ಸಂರಕ್ಷಿತ ಸ್ಮಾರಕ. ಅಲ್ಲಿ ಮೊದಲು ವಿಜಯದುರ್ಗೆಯ ದೇವಸ್ಥಾನವಿತ್ತೆಂದೂ, ಆದುದರಿಂದ ಅಲ್ಲಿ ಕ್ರೈಸ್ತರ ಉತ್ಸವ ಕೂಡದೆಂದೂ ಕೆಲವು ವರ್ಷಗಳಿಂದ ಒಂದು ಪಕ್ಷದವರು ಹೇಳುತ್ತಿದ್ದಾರೆ. ಇದು ನಮ್ಮ ಹಿರಿಯರ ಇಗರ್ಜಿಯ ಜಾಗ ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ನಡುವೆ ಪೊಲೀಸರು ನಿಲ್ಲುವಂತಾಗಿದೆ.

ಗೋವೆಯ ಒಂದು ಗೋಡೆಯ ಜಗಳ ಕಾಸರಗೋಡಿನ ನಮಗೇಕೆ ಎಂದು ಯಾರಾದರೂ ಕೇಳಬಹುದು. ಆ ಊರಿನ ಕಥೆಯ ಅರ್ಧ ಭಾಗ ನಮ್ಮ ಅಕ್ಕಪಕ್ಕದ ಮನೆಗಳಲ್ಲಿದೆ ಎಂಬುದೇ ಇದಕ್ಕೆ ಉತ್ತರ.

ಪೋರ್ತುಗೀಸರು ಸಾಷ್ಟಿ ಪ್ರಾಂತದಲ್ಲಿ ದೇವಸ್ಥಾನಗಳನ್ನು ಕೆಡವಿದ್ದು 1567ರ ಸುಮಾರಿಗೆ. ಇದು ಕಟ್ಟುಕಥೆಯಲ್ಲ, ಇತಿಹಾಸ. ಅದನ್ನು ಮರೆಮಾಚಬೇಕೆಂದು ನಾವು ಹೇಳುವುದಿಲ್ಲ. ಆಗ ಸಾಂಕೋಲೆಯ ಭಕ್ತರು ಲಕ್ಷ್ಮೀನರಸಿಂಹನನ್ನು ಹೊತ್ತುಕೊಂಡು ವೇಲಿಂಗಕ್ಕೆ ಹೋದರು; ವಿಜಯದುರ್ಗೆ ಕೇರಿ ಎಂಬ ಊರಿಗೆ ಹೋದಳು. ಎರಡೂ ಊರುಗಳಿರುವುದು ಫೋಂಡಾ ಸೀಮೆಯಲ್ಲಿ. ಆ ಸೀಮೆ ಆಗ ಯಾರ ಕೈಯಲ್ಲಿತ್ತು? ಬಿಜಾಪುರದ ಆದಿಲಶಾಹಿಯ ಕೈಯಲ್ಲಿ. ಕ್ರೈಸ್ತ ಪ್ರಭುತ್ವಕ್ಕೆ ಹೆದರಿ ಹೊರಟ ಹಿಂದೂ ದೇವರುಗಳಿಗೆ ನೆಲೆ ಸಿಕ್ಕಿದ್ದು ಮುಸಲ್ಮಾನ ದೊರೆಯ ನಾಡಿನಲ್ಲಿ. ವೇದಿಕೆಯ ಮೇಲೆ ನಿಂತು 1567ರ ಮಾತಾಡುವವರು ಈ ಅರ್ಧವನ್ನು ಹೇಳುವುದನ್ನು ನಾವು ಕೇಳಿಲ್ಲ.

ದೇವರೊಡನೆ ಮನುಷ್ಯರೂ ಹೊರಟರು. ಗೋವೆಯಿಂದ ತೆಂಕಕ್ಕೆ ಬಂದ ಗೌಡ ಸಾರಸ್ವತರು ಕುಂದಾಪುರ, ಮಂಗಳೂರು, ಮಂಜೇಶ್ವರ, ಕುಂಬಳೆ, ಕಾಸರಗೋಡುಗಳಲ್ಲಿ ನೆಲೆ ನಿಂತರು. ಅವರ ಹಿಂದೆಯೇ ಕ್ರೈಸ್ತ ಕೊಂಕಣಿಗರೂ ಬಂದರು. 1560ರಲ್ಲಿ ಗೋವೆಯಲ್ಲಿ ಆರಂಭವಾದ ಧರ್ಮವಿಚಾರಣೆಯ ನ್ಯಾಯಾಲಯ 1812ರ ತನಕ, ನಡುವಿನ ನಾಲ್ಕು ವರ್ಷ ಬಿಟ್ಟು, ನಡೆಯಿತು. ಮತಾಂತರಗೊಂಡ ಮೇಲೂ ಹಳೆಯ ಪದ್ಧತಿಗಳನ್ನು ಬಿಡದ ಕ್ರೈಸ್ತರೇ ಅದಕ್ಕೆ ಹೆಚ್ಚಾಗಿ ಹೆದರಬೇಕಾಗಿತ್ತು. 1684ರಲ್ಲಿ ಪೋರ್ತುಗೀಸ್ ಪ್ರಭುತ್ವ, ಮೂರು ವರ್ಷಗಳೊಳಗೆ ಜನರೆಲ್ಲ ಕೊಂಕಣಿ ಬಿಟ್ಟು ಪೋರ್ತುಗೀಸ್ ಮಾತಾಡಬೇಕೆಂದು ಆಜ್ಞೆಯನ್ನೇ ಹೊರಡಿಸಿತು. ಮಾತೃಭಾಷೆಯ ಮೇಲೆ ಬೀಳುವ ಇಂಥ ಹೊಡೆತದ ಅರ್ಥವನ್ನು ನಮಗೆ ಬೇರೆಯವರು ವಿವರಿಸಬೇಕಾಗಿಲ್ಲ. ಹೀಗೆ ಒಂದೇ ಭಯದಿಂದ ಓಡಿಬಂದ ಎರಡು ಜನವರ್ಗಗಳು ನಮ್ಮ ಕರಾವಳಿಯಲ್ಲಿ ನೆರೆಹೊರೆಯಾದವು. ಮಂಜೇಶ್ವರದ ಅನಂತೇಶ್ವರನ ತೇರಿಗೆ ಹೋಗುವವರೂ ಬೇಳದ ಇಗರ್ಜಿಯ ಹಬ್ಬಕ್ಕೆ ಹೋಗುವವರೂ ಮನೆಯಲ್ಲಿ ಆಡುವುದು ಅದೇ ಕೊಂಕಣಿ.

ಈ ಸಾಂಕೋಲೆಯವರೇ ಸಂತ ಜೋಸೆಫ್ ವಾಜ್. ಅವರು ಹುಟ್ಟಿದ್ದು 1651ರಲ್ಲಿ, ತಾಯಿಯ ಊರಾದ ಬಾಣಾವಳಿಯಲ್ಲಿ. ತಂದೆಯ ಊರು ಸಾಂಕೋಲೆ. 1681ರಿಂದ 1684ರ ತನಕ ಅವರು ನಮ್ಮ ಕನ್ನಡ ಕರಾವಳಿಯಲ್ಲಿ ಪಾದ್ರಿಗಳಾಗಿದ್ದರು. ಗಡಿಯಾಚೆಯ ಮುಡಿಪು ಗುಡ್ಡದ ಅವರ ಪುಣ್ಯಕ್ಷೇತ್ರಕ್ಕೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಅವರು ಇಲ್ಲಿ ಊರೂರು ಸುತ್ತುತ್ತಿದ್ದಾಗ ನಾಡು ಕೆಳದಿಯ ಚೆನ್ನಮ್ಮಾಜಿಯ ಕೈಯಲ್ಲಿತ್ತು. ಲಿಂಗಾಯತ ರಾಣಿಯ ನಾಡಿನಲ್ಲಿ ಕ್ರೈಸ್ತ ಪಾದ್ರಿ ಓಡಾಡಿದರು. ಆಮೇಲೆ 1687ರಲ್ಲಿ ಅವರು ಸಿಂಹಳಕ್ಕೆ ಹೋದರು. ಅಲ್ಲಿಯ ಕರಾವಳಿಯನ್ನಾಳುತ್ತಿದ್ದ ಡಚ್ಚರು ಪ್ರೊಟೆಸ್ಟೆಂಟ್ ಕ್ರೈಸ್ತರು. ಕಥೋಲಿಕ ಪಾದ್ರಿಗಳಿಗೆ ಅವರಲ್ಲಿ ಪ್ರವೇಶವಿರಲಿಲ್ಲ. ಕ್ಯಾಂಡಿಯ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರ್ಯ ಮೊದಲು ಪೋರ್ತುಗೀಸರ ಗೂಢಚಾರನೆಂದು ಅವರನ್ನು ಸೆರೆಯಲ್ಲಿಟ್ಟ, ಸಜ್ಜನರೆಂದು ತಿಳಿದ ಮೇಲೆ ಬಿಡುಗಡೆ ಮಾಡಿ ತನ್ನ ರಾಜ್ಯದಲ್ಲಿ ಆಸರೆ ಕೊಟ್ಟ. 1711ರ ಜನವರಿ 16ರಂದು ಅವರು ತೀರಿಕೊಂಡಿದ್ದೂ ಕ್ಯಾಂಡಿಯಲ್ಲೇ. 2015ರಲ್ಲಿ ಪೋಪ್ ಫ್ರಾನ್ಸಿಸರು ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಕಥೆ ಎಲ್ಲ ಕಡೆಯೂ ಹೀಗೆಯೇ ಇತ್ತೆಂದು ನಾವು ಬಣ್ಣ ಕಟ್ಟುವುದಿಲ್ಲ. ಇದೇ ಕರಾವಳಿಯ ಕ್ರೈಸ್ತರನ್ನು 1784ರಲ್ಲಿ ಟೀಪು ಸುಲ್ತಾನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದೂ ಇತಿಹಾಸವೇ. ಅನ್ಯಾಯ ಮಾಡಿದವರು ಎಲ್ಲ ಧರ್ಮಗಳಲ್ಲೂ ಇದ್ದರು, ಆಸರೆ ಕೊಟ್ಟವರೂ ಇದ್ದರು. ಇತಿಹಾಸದಿಂದ ಅನ್ಯಾಯದ ಪುಟಗಳನ್ನಷ್ಟೇ ಹರಿದುಕೊಂಡು ಸಭೆಯಲ್ಲಿ ಓದುವವನಿಗೆ ಭಯ ಬೇಕಾಗಿದೆ, ಸತ್ಯ ಬೇಕಾಗಿಲ್ಲ.

ಸಾಂಕೋಲೆಯಿಂದ ದೇವರನ್ನು ಹೊತ್ತು ನಡೆದವರ ಭಯ ನಿಜವಾದದ್ದು. ಆ ಭಯದಿಂದ ಅವರು ಹೊಳೆ ದಾಟಿದರು, ಮನೆ ಬಿಟ್ಟರು, ಗುಡಿ ಕಟ್ಟಿದರು, ಭಾಷೆ ಉಳಿಸಿಕೊಂಡರು. ಇಂದಿನ ನಾಯಕರು ಹಂಚುವ ಭಯ ಇನ್ನೊಂದು ಜಾತಿಯದು. ಬಹುಸಂಖ್ಯಾತರಿಗೆ ನಿಮ್ಮ ಇತಿಹಾಸ ಅಳಿಯುತ್ತಿದೆ ಎನ್ನುತ್ತಾರೆ. ಅಲ್ಪಸಂಖ್ಯಾತರಿಗೆ ನಾವಿಲ್ಲದಿದ್ದರೆ ನಿಮ್ಮ ಇಗರ್ಜಿ ಉಳಿಯದು ಎನ್ನುತ್ತಾರೆ. ಎರಡು ಭಯಗಳೂ ಕೊನೆಗೆ ಬಂದು ಬೀಳುವುದು ಮತಪೆಟ್ಟಿಗೆಯಲ್ಲಿ.

ಈ ಧರ್ಮಪ್ರೀತಿ ಎಷ್ಟರಮಟ್ಟಿನದೆಂದು ಅರಿಯಲು ಅದೇ ಸಾಂಕೋಲೆ ಪಂಚಾಯತಿನ ಇನ್ನೊಂದು ಮಗ್ಗುಲನ್ನು ನೋಡಬೇಕು. 1973ರಲ್ಲಿ ಕೆಲಸ ಆರಂಭಿಸಿದ ಗೊಬ್ಬರದ ಕಾರಖಾನೆಯ ಸುತ್ತ ಬೆಳೆದ ಜುವಾರಿನಗರ ಅದೇ ಪಂಚಾಯತಿನಲ್ಲಿದೆ. ಅಲ್ಲಿಯ ಕೂಲಿಯವರ ಕೇರಿಗಳಲ್ಲಿ ಬಿಜಾಪುರ, ಬಾಗಲಕೋಟೆ, ಗದಗಗಳ ಕಡೆಯಿಂದ ಹೋದ ಕನ್ನಡಿಗರು ಬಹುಮಂದಿ ಇದ್ದಾರೆ. ಗೋವೆಯ ರಸ್ತೆಗಳಿಗೂ ಕಟ್ಟಡಗಳಿಗೂ ಮಣ್ಣು ಹೊತ್ತವರಲ್ಲಿ ಇವರ ಪಾಲು ದೊಡ್ಡದು. ಇವರಲ್ಲಿ ಹೆಚ್ಚಿನವರು ಎಲ್ಲಮ್ಮನಿಗೂ ಹನುಮಪ್ಪನಿಗೂ ಕೈಮುಗಿಯುವವರು. ದೇವಸ್ಥಾನದ ಮೆರವಣಿಗೆಗೆ ತಲೆ ಎಣಿಸುವಾಗ ಇವರು "ನಮ್ಮ ಧರ್ಮದವರು". ಚುನಾವಣೆಯ ಹೊತ್ತಿಗೆ ಇವರ ಗುಡಿಸಲಿಗೆ ಎಲ್ಲ ಪಕ್ಷದವರೂ ಬರುತ್ತಾರೆ. ಮನೆ ಕೆಡಹುವ ನೋಟೀಸು ಬಂದ ದಿನ, ರೇಷನ್ ಕಾರ್ಡಿನ ಪ್ರಶ್ನೆ ಎದ್ದ ದಿನ, ಇವರು "ಘಾಟಿ"ಗಳು, ಹೊರಗಿನವರು. 1961ಕ್ಕೆ ಮುಂಚಿನ ಬೇರು ಗೋವೆಯಲ್ಲಿ ಉಳ್ಳವರನ್ನೇ ಗೋವೆಯವರೆಂದು ಕಾಯಿದೆಯಲ್ಲಿ ಬರೆಯಬೇಕೆಂದು ಒತ್ತಾಯಿಸಿದ ಪಕ್ಷವೊಂದು 2022ರಲ್ಲಿ ಒಂದು ಸ್ಥಾನವನ್ನೂ ಗೆದ್ದಿತು. ಅಂದು ವಿಜಯದುರ್ಗೆಗೆ ನೆಲೆ ಕೊಟ್ಟದ್ದು ಬಿಜಾಪುರದ ಸೀಮೆ. ಇಂದು ಬಿಜಾಪುರದ ಕೂಲಿಯವನು ಅವಳ ಹಳೆಯ ಊರಿನಲ್ಲಿ ಪರಕೀಯ. ಧರ್ಮದ ಸಂಬಂಧ ನಿಜವಾಗಿದ್ದರೆ ಅದು ಈ ಬಡವನ ಮಾಡಿನ ತನಕವಾದರೂ ಬರಬೇಕಿತ್ತು.

ಇನ್ನು ನಮ್ಮ ಮನೆಯ ಮಾತು. 1956ರ ನವೆಂಬರ್ 1ರಿಂದ ಈಚೆಗೆ ನಾವು ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರು. ಚುನಾವಣೆ ಬಂದರೆ ಎಲ್ಲ ಪಕ್ಷದವರ ನಾಲಗೆಯಲ್ಲೂ ಕನ್ನಡ ಹೊರಳುತ್ತದೆ, ತುಳು ಹೊರಳುತ್ತದೆ. 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿರ್ಧಾರವಾದದ್ದು 89 ಮತಗಳ ಅಂತರದಲ್ಲಿ. ಆದುದರಿಂದ ನಮ್ಮ ಒಂದೊಂದು ಮನೆಯ ಬೆಲೆ ಅವರಿಗೆ ಗೊತ್ತು. ಆದರೆ ನಮ್ಮ ಬಳಿ ಅವರು ಮಾತಾಡುವುದು ಏನನ್ನು? ಹಿಂದೂ ಮನೆಯಲ್ಲಿ ಮುಸಲ್ಮಾನರ ಭಯ, ಮುಸಲ್ಮಾನರ ಮನೆಯಲ್ಲಿ ಹಿಂದೂಗಳ ಭಯ. ಎರಡು ಮನೆಯ ಮಕ್ಕಳೂ ಒಂದೇ ಕನ್ನಡ ಶಾಲೆಯ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಆ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ಕಷ್ಟ ಇಬ್ಬರಿಗೂ ಒಂದೇ. 2017ರ ಕಾಯಿದೆ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡಿದಾಗ ಕಳವಳಗೊಂಡದ್ದೂ ಎರಡೂ ಮನೆಯ ತಂದೆತಾಯಿಗಳು. ಗಣಿತವನ್ನು ಅರ್ಥವಾಗದ ಮಾತಿನಲ್ಲಿ ಕೇಳುವ ಹುಡುಗನಿಗೆ ಅವನ ದೇವರ ಹೆಸರಿನಿಂದ ಯಾವ ವಿನಾಯಿತಿಯೂ ಸಿಗುವುದಿಲ್ಲ. ಧರ್ಮದ ಭಯದಿಂದ ನಾವು ಎರಡಾಗಿ ಒಡೆದಷ್ಟೂ ಶಾಲೆಯ ಈ ಪ್ರಶ್ನೆ ಅನಾಥವಾಗುತ್ತದೆ. ಅದನ್ನು ಅನಾಥವಾಗಿಡುವುದರಲ್ಲಿ ಎಲ್ಲ ಪಕ್ಷಗಳಿಗೂ ಅನುಕೂಲವಿದೆ.

2021ರಲ್ಲಿ ಮಂಜೇಶ್ವರದಿಂದ ಆಯ್ಕೆಯಾದ ಎ.ಕೆ.ಎಂ. ಅಶ್ರಫರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಎಲ್ಲ ಧರ್ಮದ ಕನ್ನಡಿಗರಿಗೂ ಸಂತೋಷವಾಯಿತು. ಅದು ಯೋಗ್ಯವಾದ ಸಂತೋಷವೇ. ಆದರೆ ಪ್ರಮಾಣದ ಭಾಷೆಯಷ್ಟಕ್ಕೇ ತೃಪ್ತರಾದರೆ ನಾವೂ ಬೇತಿಯ ದರ್ಗಾದ ಮುಂದೆ ಫೋಟೋ ತೆಗೆಸಿಕೊಂಡು ಮನೆಗೆ ಹೋದವರಂತೆ ಆಗುತ್ತೇವೆ. ಪ್ರಮಾಣದ ಮರುದಿನದಿಂದ ಲೆಕ್ಕ ಕೇಳುವವರು ಬೇಕು, ಯಾರೇ ಆಯ್ಕೆಯಾಗಿರಲಿ.

ಕಾಯಿದೆ ಈ ವಿಷಯದಲ್ಲಿ ಮೂಕವಾಗಿಲ್ಲ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟಾಚರಣೆಯೆಂದು ಜನಪ್ರತಿನಿಧಿ ಕಾಯಿದೆ ಹೇಳುತ್ತದೆ. ಉಮೇದುವಾರನ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಎತ್ತುವುದೂ ತಪ್ಪೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 2017ರ ಜನವರಿ 2ರಂದು ಬಹುಮತದಿಂದ ತೀರ್ಪು ಕೊಟ್ಟಿದೆ. ಆದರೂ ಮೆರವಣಿಗೆಗಳು ನಿಂತಿಲ್ಲ. ನ್ಯಾಯಾಲಯ ನಮ್ಮ ಅಂಗಳಕ್ಕೆ ಬಂದು ಕಾವಲು ನಿಲ್ಲಲಾರದು. ಅಂಗಳದ ಕಾವಲು ನಮ್ಮದೇ.

ಆದುದರಿಂದ ಓದುಗರಲ್ಲಿ ನಮ್ಮ ಬಿನ್ನಹ ಇಷ್ಟೇ. ಉಮೇದುವಾರನು ಮನೆಗೆ ಬಂದಾಗ ಅವನ ಹಣೆಯನ್ನಾಗಲಿ ಟೊಪ್ಪಿಯನ್ನಾಗಲಿ ನೋಡಬೇಡಿ. ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಖಾಲಿ ಇರುವ ಹುದ್ದೆಗಳು ಎಷ್ಟು, ಕನ್ನಡ ಬಲ್ಲವರನ್ನು ತುಂಬಿಸಲು ನೀವು ಏನು ಮಾಡುತ್ತೀರಿ, ಕಚೇರಿಯ ಅರ್ಜಿ ನಮೂನೆ ಕನ್ನಡದಲ್ಲಿ ಯಾವಾಗ ಸಿಗುತ್ತದೆ ಎಂದು ಕೇಳಿ. ಉತ್ತರವನ್ನು ಒಂದು ಕಾಗದದಲ್ಲಿ ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ. ಮುಂದಿನ ಸಲ ಬಂದಾಗ ಆ ಕಾಗದವನ್ನು ಮುಂದಿಡಿ. ನಮ್ಮ ಸೀಮೆಯ ಬಡ ಒಕ್ಕಲಿಗನನ್ನು ಕಾನತ್ತೂರಿನ ದಾರಿಯಲ್ಲಿ ತಡೆದು ನಿಲ್ಲಿಸುವ ಆ ಅಂಜಿಕೆ ಆಳುವವರಿಗೂ ಒಂದಿಷ್ಟು ಅಭ್ಯಾಸವಾಗಲಿ.