ಹಳೆಯ ಕಾರಿಗೆ ಮೊದಲು ಬೇಕಾದುದು

ಮಧ್ಯಮ ಗಾತ್ರದ ಕಾರಿಗೆ ಭಾರಿ ಎಂಜಿನನ್ನು ಕೂಡಿಸಿದುದೇ ಅಮೆರಿಕದ ‘ಮಸಲ್ ಕಾರು’. 1964ರ ಮಾದರಿಯ ಪಾಂಟಿಯಾಕ್ ಜಿ.ಟಿ.ಓ. ಕಾರಿನ ಎಂಜಿನು 325 ಅಶ್ವಶಕ್ತಿಯದು. ಇಂತಹುದನ್ನು ನಿತ್ಯದ ಓಡಾಟಕ್ಕೆ ಅಣಿಗೊಳಿಸುವವರು ಮೊದಲು ಎಂಜಿನಿಗೇ ಕೈ ಹಾಕುವುದುಂಟು. ಇದು ತಲೆಕೆಳಗಾದ ಕ್ರಮವೆಂದೇ ನನ್ನ ಅಭಿಪ್ರಾಯ.

ಆ ಕಾರಿನ ನಾಲ್ಕು ಚಕ್ರಗಳಿಗೂ ಇದ್ದುದು ಡ್ರಮ್ ಬ್ರೇಕು. ಚಾಲಕನೂ ಸೇರಿ ತೂಕ 1600 ಕಿಲೋಗ್ರಾಂ ಎಂದು ಹಿಡಿಯೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 6 ಲಕ್ಷ ಜೂಲ್. ಎರಡು ಲೀಟರಿನಷ್ಟು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಕಾರನ್ನು ಥಟ್ಟನೆ ನಿಲ್ಲಿಸುವಾಗ ಇದರ ಬಹುಪಾಲು ಬ್ರೇಕಿನಲ್ಲಿಯೇ ಉಷ್ಣವಾಗುತ್ತದೆ. ಕಾದ ಡ್ರಮ್ಮು ಹಿಗ್ಗಿ ಒಳಗಿನ ಪಟ್ಟಿಗಳಿಂದ ದೂರ ಸರಿಯುತ್ತದೆ. ಪಟ್ಟಿಗಳ ಘರ್ಷಣೆಯೂ ಕುಂದುತ್ತದೆ. ಇಳಿಜಾರಿನಲ್ಲಿ ಮೇಲಿಂದ ಮೇಲೆ ಒತ್ತಿದವನಿಗೆ ಬ್ರೇಕು ಹಿಡಿಯದಂತಾದರೆ ಆಶ್ಚರ್ಯವಿಲ್ಲ. ಗಾಳಿಗೆ ತೆರೆದಿರುವ ಡಿಸ್ಕು ಬೇಗನೆ ತಣಿಯುತ್ತದೆ.

ಇನ್ನೊಂದು ಕುಂದು ಇದಕ್ಕಿಂತ ಘೋರವಾದುದು. ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಹೋದಂತೆಯೇ. ಎರಡು ಕೋಣೆಗಳದಾದರೆ ಮುಂದಿನದೋ ಹಿಂದಿನದೋ ಉಳಿದೀತು.

ಮೂಲರೂಪ ಕೆಡುವುದೆಂದು ಹಳೆಯ ಕಾರಿನ ಅಭಿಮಾನಿಗಳು ಆಕ್ಷೇಪಿಸುವರು. ಪ್ರದರ್ಶನದ ಕಾರಿಗೆ ಆ ಮಾತು ಒಪ್ಪತಕ್ಕದ್ದೇ. ಆದರೆ ರಸ್ತೆ ದಾಟುವ ಬಾಲಕನಿಗೆ ಮೂಲರೂಪದ ಚಿಂತೆಯೇಕೆ? ಬಿಚ್ಚಿದ ಡ್ರಮ್ಮುಗಳಿಗೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡಲಿ. ಬೇಕೆಂದಾಗ ಮತ್ತೆ ಜೋಡಿಸಬಹುದು.