ಸರ್ಕಾರಿ ಖರೀದಿ ಈಗ ಪೋರ್ಟಲ್‌ನಲ್ಲಿ: ಅಂಗಡಿ ಮನೆತನಗಳು ಏನು ಮಾಡಬೇಕು?

ಒಂದು ಕಾಲದಲ್ಲಿ ಸರ್ಕಾರಿ ಕಚೇರಿಗೆ ಕಾಗದ, ಕುರ್ಚಿ, ಸ್ಟೀಲ್ ಬೀರು ಬೇಕಾದರೆ ಊರ ಪೇಟೆಯ ಮೂರು ಅಂಗಡಿಗಳಿಂದ ಕೊಟೇಶನ್ ಹೋಗುತ್ತಿತ್ತು. ಕಡಿಮೆ ದರ ಬರೆದವರಿಗೆ ಆರ್ಡರ್ ಸಿಗುತ್ತಿತ್ತು. ಅಧಿಕಾರಿಯ ಪರಿಚಯ, ಅಂಗಡಿಯ ಹಳೆಯ ಹೆಸರು ಎರಡೂ ಕೆಲಸಕ್ಕೆ ಬರುತ್ತಿದ್ದವು. ಕಳೆದ ಕೆಲವು ವರ್ಷಗಳಲ್ಲಿ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಹೊಸ ದಾರಿ ತಿಳಿಯದ ಅಂಗಡಿಗಳು ತಂದೆಯ ಕಾಲದ ಗಿರಾಕಿಯನ್ನು ಕಳೆದುಕೊಳ್ಳುತ್ತಿವೆ.

ಬದಲಾವಣೆ ಶುರುವಾದದ್ದು 2016ರ ಆಗಸ್ಟ್‌ನಲ್ಲಿ, ಕೇಂದ್ರ ಸರ್ಕಾರ 'ಜೆಮ್' ಎಂಬ ಇ-ಮಾರುಕಟ್ಟೆ ತೆರೆದಾಗ. ಮರುವರ್ಷ ಹಳೆಯ ಸರಬರಾಜು ಮಹಾನಿರ್ದೇಶನಾಲಯವನ್ನು (ಡಿಜಿಎಸ್‌ಆಂಡ್‌ಡಿ) ಮುಚ್ಚಲಾಯಿತು. ಜೆಮ್‌ನಲ್ಲಿ ಸಿಗುವ ಸರಕನ್ನು ಕೇಂದ್ರದ ಇಲಾಖೆಗಳು ಅಲ್ಲಿಯೇ ಕೊಳ್ಳಬೇಕೆಂದು 2017ರ ಸಾಮಾನ್ಯ ಹಣಕಾಸು ನಿಯಮಗಳು ಹೇಳಿದವು. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಹುಬ್ಬಳ್ಳಿಯ ನೈರುತ್ಯ ರೈಲ್ವೆ, ಮೈಸೂರಿನ ಸಿಎಫ್‌ಟಿಆರ್‌ಐ ಇವೆಲ್ಲ ಕೇಂದ್ರದ ಸಂಸ್ಥೆಗಳೇ. ರಾಜ್ಯದ ಇಲಾಖೆಗಳ ಟೆಂಡರ್‌ಗಳು 1999ರ ಕೆಟಿಪಿಪಿ ಕಾಯ್ದೆಗೆ ಒಳಪಟ್ಟು ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ (ಕೆಪಿಪಿಪಿ) ಬರುತ್ತವೆ. ಎರಡೂ ಬೇರೆ ಬೇರೆ. ಎರಡಕ್ಕೂ ಪ್ರತ್ಯೇಕ ನೋಂದಣಿ ಬೇಕು.

ಜೆಮ್‌ನಲ್ಲಿ 50,000 ರೂಪಾಯಿವರೆಗೆ ಅಧಿಕಾರಿ ಯಾವ ಮಾರಾಟಗಾರರಿಂದಲಾದರೂ ನೇರವಾಗಿ ಕೊಳ್ಳಬಹುದು. ಅದಕ್ಕಿಂತ ಹೆಚ್ಚಾಗಿ 10 ಲಕ್ಷದವರೆಗೆ ಕನಿಷ್ಠ ಮೂರು ತಯಾರಕರ ಸರಕು ಹೋಲಿಸಿ ಕಡಿಮೆ ದರದವರಿಗೆ ಕೊಡಬೇಕು. 10 ಲಕ್ಷ ಮೀರಿದರೆ ಸಾಮಾನ್ಯವಾಗಿ ಬಿಡ್ಡಿಂಗ್ ಕಡ್ಡಾಯ. ಅಂದರೆ ಸಣ್ಣ ಅಂಗಡಿಗೂ ಅವಕಾಶ ಇದೆ. ಆದರೆ ಪೋರ್ಟಲ್‌ನಲ್ಲಿ ಹೆಸರಿಲ್ಲದ ಅಂಗಡಿ ಅಧಿಕಾರಿಯ ಕಣ್ಣಿಗೆ ಬೀಳುವುದೇ ಇಲ್ಲ.

ವ್ಯಾಪಾರಿ ಕುಟುಂಬಗಳು ಮುಖ್ಯವಾಗಿ ತಪ್ಪು ತಿಳಿದಿರುವ ಸಂಗತಿ ಇನ್ನೊಂದಿದೆ. ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯ ಶೇ. 25 ಭಾಗವನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಬೇರೆಯವರ ಕನಿಷ್ಠ ದರ 100 ರೂಪಾಯಿ ಇದ್ದು, ಸಣ್ಣ ಉದ್ಯಮದವರು 115ರ ಒಳಗೆ ಬರೆದಿದ್ದರೆ, 100ಕ್ಕೇ ಕೊಡಲು ಒಪ್ಪಿ ಆರ್ಡರ್‌ನಲ್ಲಿ ಒಂದು ಪಾಲು ಪಡೆಯಬಹುದು. ಟೆಂಡರ್ ಠೇವಣಿಯಿಂದಲೂ ಅವರಿಗೆ ವಿನಾಯಿತಿ ಇದೆ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಸಿಕ್ಕಿತು. ಆಗ ಅನೇಕರು ಈ ಸೌಲಭ್ಯಗಳೆಲ್ಲ ತಮಗೂ ಬಂದವೆಂದು ತಿಳಿದರು. ಹಾಗಲ್ಲ. ವ್ಯಾಪಾರಿಗೆ ಸಿಕ್ಕಿದ್ದು ಬ್ಯಾಂಕಿನ ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ. ಖರೀದಿಯ ಆದ್ಯತೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಇದು ತಿಳಿಯದೆ ಠೇವಣಿ ಕಟ್ಟದೆ ಬಿಡ್ ಹಾಕಿದರೆ ಅದು ತಾಂತ್ರಿಕ ಪರಿಶೀಲನೆಯಲ್ಲೇ ತಿರಸ್ಕೃತವಾಗಬಹುದು.

ಹಾಗಾದರೆ ಅಂಗಡಿಯವರಿಗೆ ಉಳಿದಿರುವ ದಾರಿಗಳು ಎರಡು. ಮೊದಲನೆಯದು, ಕಂಪನಿಯಿಂದ ಅಧಿಕೃತ ಪತ್ರ ಪಡೆದು ಮರುಮಾರಾಟಗಾರರಾಗಿ ನಿಲ್ಲುವುದು. ಇಲ್ಲಿ ಆದ್ಯತೆ ಇಲ್ಲ. ದರ, ದಾಸ್ತಾನು ಮತ್ತು ಹೇಳಿದ ದಿನಕ್ಕೆ ಸರಕು ಮುಟ್ಟಿಸುವುದರ ಮೇಲೆ ಗೆಲ್ಲಬೇಕು. ಎರಡನೆಯದು, ಮಾರುವ ಸರಕಿನಲ್ಲಿ ಒಂದನ್ನಾದರೂ ತಾವೇ ತಯಾರಿಸುವುದು. ರಿಜಿಸ್ಟರ್, ಫೈಲ್ ಮಾರುವವರು ಬೈಂಡಿಂಗ್ ಘಟಕ ಹಾಕಬಹುದು. ಬಟ್ಟೆ ಅಂಗಡಿಯವರು ಸಮವಸ್ತ್ರ ಹೊಲಿಸುವ ಘಟಕ ನಡೆಸಬಹುದು. ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕಾದ 358 ವಸ್ತುಗಳ ಪಟ್ಟಿಯೇ ಇದೆ. ಅದನ್ನು ನೋಡಿ ಆರಿಸಿಕೊಳ್ಳುವುದು ಒಳ್ಳೆಯದು. ಆದರೆ ಬೇರೆಡೆಯಿಂದ ತಂದ ಮಾಲಿಗೆ ಸ್ವಂತ ಲೇಬಲ್ ಅಂಟಿಸಿ ತಯಾರಕರೆಂದು ಬರೆದುಕೊಳ್ಳುವುದು ಮೋಸ. ಸಿಕ್ಕಿಬಿದ್ದರೆ ಖಾತೆ ಅಮಾನತಾಗುತ್ತದೆ, ಮನೆತನದ ಹೆಸರೂ ಹೋಗುತ್ತದೆ.

ಮಹಿಳಾ ಉದ್ಯಮಿಗಳಿಗೆ ಶೇ. 3ರ ಪಾಲು ಇರುವುದರಿಂದ ಸೊಸೆಯ ಅಥವಾ ಮಗಳ ಹೆಸರಿನಲ್ಲಿ ಸಂಸ್ಥೆ ತೆರೆಯುವ ಯೋಚನೆ ಅನೇಕ ಮನೆಗಳಲ್ಲಿದೆ. ಪಾಲುದಾರಿಕೆಯಾದರೆ ಕನಿಷ್ಠ ಶೇ. 51 ಪಾಲು ಅವರದೇ ಆಗಿರಬೇಕು. ಲೆಕ್ಕ, ಬ್ಯಾಂಕ್, ನಿರ್ಧಾರ ಎಲ್ಲವೂ ನಿಜವಾಗಿ ಅವರ ಕೈಯಲ್ಲಿರಲಿ. ಓದಿದ ಹೆಣ್ಣುಮಕ್ಕಳು ಈ ಕೆಲಸವನ್ನು ಹಿರಿಯರಿಗಿಂತ ಚೆನ್ನಾಗಿ ನಡೆಸಬಲ್ಲರು. ಬರೀ ಸಹಿಗೆ ಅವರನ್ನು ಕೂರಿಸಬಾರದು.

ದರ ಬರೆಯುವಾಗ ಎಚ್ಚರ ಬೇಕು. ಆರ್ಡರ್ ಗೆಲ್ಲುವ ಆಸೆಯಲ್ಲಿ ಸಾಗಣೆ, ಇಳಿಸುವ ಕೂಲಿ, ಜಿಎಸ್‌ಟಿ ಮರೆತು ದರ ಹಾಕಿದವರು ಕೈಯಿಂದ ಹಣ ಹಾಕಬೇಕಾಗುತ್ತದೆ. ಒಪ್ಪಿದ ಮೇಲೆ ಸರಬರಾಜು ಮಾಡದಿದ್ದರೆ ಪೋರ್ಟಲ್‌ನಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. 2024ರ ಆಗಸ್ಟ್‌ನಿಂದ 10 ಲಕ್ಷದವರೆಗಿನ ಆರ್ಡರ್‌ಗಳಿಗೆ ಜೆಮ್ ವಹಿವಾಟು ಶುಲ್ಕ ತೆಗೆದುಹಾಕಿರುವುದು ಸಣ್ಣವರಿಗೆ ಸಮಾಧಾನದ ಸಂಗತಿ.

ಹಣ ಬರುವ ಬಗ್ಗೆಯೂ ಲೆಕ್ಕ ಇರಲಿ. ಸರಕು ಸ್ವೀಕರಿಸಿದ ಪ್ರಮಾಣಪತ್ರ ಆದ 10 ದಿನಗಳಲ್ಲಿ ಹಣ ಕೊಡಬೇಕೆಂಬುದು ಜೆಮ್ ನಿಯಮ. ತಡವಾದರೆ, ತಯಾರಕ ಅಥವಾ ಸೇವಾ ಉದ್ಯಮಕ್ಕೆ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಇದೆ. ಲಿಖಿತ ಕರಾರಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆದರೂ ಎರಡು-ಮೂರು ತಿಂಗಳ ಬಂಡವಾಳ ಕೈಯಲ್ಲಿಟ್ಟುಕೊಂಡೇ ಸರ್ಕಾರಿ ವ್ಯಾಪಾರಕ್ಕೆ ಇಳಿಯುವುದು ಕ್ಷೇಮ. ಇಡೀ ಅಂಗಡಿಯನ್ನು ಒಂದೇ ಇಲಾಖೆಯ ಮೇಲೆ ನಿಲ್ಲಿಸಬಾರದು.

ಪರಿಚಯದ ವ್ಯಾಪಾರ ಹೋಯಿತೆಂದು ಕೊರಗುವವರು ಒಂದು ಮಾತು ನೆನೆಯಬೇಕು. ಆ ಪರಿಚಯ ಇಲ್ಲದ ಸಣ್ಣ ಊರಿನ ಪ್ರಾಮಾಣಿಕ ಅಂಗಡಿಗೆ ಮೊದಲು ಬಾಗಿಲೇ ಇರಲಿಲ್ಲ. ಈಗ ಅದು ತೆರೆದಿದೆ. ಈ ವಾರ ಆಡಿಟರ್ ಜೊತೆ ಕುಳಿತು ಉದ್ಯಮ್ ಪ್ರಮಾಣಪತ್ರ ತೆಗೆದು, ಅದರಲ್ಲಿ 'ವ್ಯಾಪಾರ' ಎಂದಿದೆಯೋ 'ತಯಾರಿಕೆ' ಎಂದಿದೆಯೋ ನೋಡಿಕೊಂಡರೆ ಮೊದಲ ಹೆಜ್ಜೆ ಇಟ್ಟಂತೆ.