ಹಿಟ್ಟಿನ ಹುಳು ಬಿಚ್ಚಿಟ್ಟ ಗುಟ್ಟು

ಮಳೆಗಾಲ ಮುಗಿಯುವ ಹೊತ್ತಿಗೆ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಒಳಗೆ ಏನಾದರೂ ಹರಿದಾಡುತ್ತಿರುತ್ತದೆ. ಸಾಸಿವೆಗಿಂತ ಸ್ವಲ್ಪ ಉದ್ದದ, ಕೆಂಪು ಕಂದು ಬಣ್ಣದ ಹುಳು. ಪತ್ತಿರ್ ತಟ್ಟಲೆಂದು ಹಿಟ್ಟು ತೆಗೆದವರು ಮುಖ ಸಿಂಡರಿಸಿ ಜರಡಿ ಹುಡುಕುತ್ತೇವೆ. ಈ ಹುಳು ಜೀರುಂಡೆಯ ಜಾತಿಗೆ ಸೇರಿದ್ದು. ಇದರದೇ ಕುಟುಂಬದ, ಇದಕ್ಕಿಂತ ನಾಲ್ಕು ಪಟ್ಟು ದೊಡ್ಡದಾದ ಇನ್ನೊಂದು ಹಿಟ್ಟಿನ ಜೀರುಂಡೆ ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರ ದೊಡ್ಡದು. ಆ ಕಥೆಯನ್ನು ಇಂದು ಹೇಳಬೇಕೆನಿಸಿದೆ.

ಹೇಳಲು ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ಹೆರಿಗೆಯಾದ ಬಂಧುವೊಬ್ಬಳನ್ನು ನೋಡಲು ಹೋಗಿದ್ದೆ. ಅವಳಿಗೆ ಅದು ಮೂರನೆಯ ಹೆಣ್ಣು ಮಗು. ಮಗು ಆರೋಗ್ಯವಾಗಿತ್ತು, ತಾಯಿಯೂ ಚೆನ್ನಾಗಿದ್ದಳು. ಆದರೆ ಕೋಣೆಯಲ್ಲಿ ಸಾವಿನ ಮನೆಯ ಮೌನ. ಹಿರಿಯ ಹೆಂಗಸೊಬ್ಬರು ನನ್ನ ಕಿವಿಯಲ್ಲಿ, "ಇವಳ ತಾಯಿಗೂ ಬರೀ ಹೆಣ್ಣೇ, ಇವಳ ಹೊಟ್ಟೆಯೇ ಹಾಗೆ" ಎಂದರು. ಪಿಸುಮಾತು ಎಂದು ಅವರು ತಿಳಿದಿದ್ದರು, ಬಾಣಂತಿಗೆ ಕೇಳಿಸಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

"ಇವಳ ಹೊಟ್ಟೆಯೇ ಹಾಗೆ" ಎಂಬ ಮಾತು ಓದುಬರಹವಿಲ್ಲದವರದ್ದು ಮಾತ್ರ ಎಂದು ತಿಳಿಯಬೇಡಿ. ನೂರಿಪ್ಪತ್ತು ವರ್ಷಗಳ ಹಿಂದೆ ಯುರೋಪಿನ ದೊಡ್ಡ ದೊಡ್ಡ ಪ್ರೊಫೆಸರುಗಳೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತಿದ್ದರು. ಮಗು ಗಂಡೋ ಹೆಣ್ಣೋ ಎಂಬುದು ತಾಯಿಯ ಆಹಾರ, ಶರೀರದ ಉಷ್ಣತೆ, ಪೋಷಣೆಯಿಂದ ತೀರ್ಮಾನವಾಗುತ್ತದೆ ಎಂಬುದು ಅಂದಿನ ನಂಬಿಕೆಯಾಗಿತ್ತು. 1898ರಲ್ಲಿ ವಿಯೆನ್ನಾದ ಶೆಂಕ್ ಎಂಬ ಪ್ರೊಫೆಸರ್, ತಾಯಿಯ ಊಟವನ್ನು ಬದಲಿಸಿ ಗಂಡು ಮಗು ಹುಟ್ಟುವಂತೆ ಮಾಡಬಹುದೆಂದು ಪ್ರಕಟಿಸಿ ದೊಡ್ಡ ಸುದ್ದಿ ಮಾಡಿದ್ದರು. ಅಂದರೆ ಹೆಣ್ಣು ಹುಟ್ಟಿದರೆ ತಪ್ಪು ಯಾರದು? ಊಟ ಮಾಡಿದವಳದ್ದು!

ಈ ಲೆಕ್ಕವನ್ನು ತಿರುಗಿಸಿದ್ದು ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ. 1861ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಹುಟ್ಟಿದ ಅವರ ತಂದೆ ಬಡಗಿ. ಹೆಣ್ಣುಮಕ್ಕಳಿಗೆ ಅಂದು ತೆರೆದಿದ್ದ ಕೆಲಸಗಳೆಂದರೆ ಶಾಲೆಯ ಟೀಚರ್, ಗ್ರಂಥಪಾಲಕಿ ಇಂತಹವು. ನೆಟ್ಟಿ ಎರಡನ್ನೂ ಮಾಡಿದರು. ವರ್ಷಗಟ್ಟಲೆ ಹಣ ಕೂಡಿಟ್ಟು, 35ರ ವಯಸ್ಸಿನಲ್ಲಿ, 1896ರಲ್ಲಿ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯ ಸೇರಿದರು. ಮದುವೆಯಾಗಿ ಮಕ್ಕಳಾದ ಮೇಲೆ "ಇನ್ನು ನಮಗೆಂಥ ಓದು" ಎನ್ನುವ ನಮ್ಮವರು ಈ ವಯಸ್ಸನ್ನು ಸ್ವಲ್ಪ ಗಮನಿಸಿ. ನಂತರ ಅವರು ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿಗೆ ಬಂದು, 1903ರಲ್ಲಿ ಡಾಕ್ಟರೇಟ್ ಪಡೆದರು.

ಅಲ್ಲಿ ಅವರು ಆರಿಸಿಕೊಂಡ ಜೀವಿಗಳಲ್ಲಿ ಒಂದು, ತೌಡು ಹಿಟ್ಟುಗಳಲ್ಲಿ ಬೆಳೆಯುವ ಟೆನೆಬ್ರಿಯೊ ಎಂಬ ಜೀರುಂಡೆ. ಪೇಟೆಯಲ್ಲಿ ಪಂಜರದ ಹಕ್ಕಿಗಳಿಗೆ ತಿನ್ನಿಸಲು ಮಾರುವ ಹಳದಿ ಹುಳ ಇದರ ಮರಿಯೇ. ಈ ಜೀರುಂಡೆಯ ಅಂಗಾಂಶವನ್ನು ತೆಳುವಾಗಿ ಕತ್ತರಿಸಿ, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಅವರು ವರ್ಣತಂತುಗಳನ್ನು ಎಣಿಸಿದರು. ತಂದೆತಾಯಿಯ ಗುಣಗಳನ್ನು ಮಕ್ಕಳಿಗೆ ದಾಟಿಸುವ ಎಳೆಗಳೇ ವರ್ಣತಂತುಗಳು. ಹೆಣ್ಣು ಜೀರುಂಡೆಯ ಜೀವಕೋಶದಲ್ಲಿ 20 ದೊಡ್ಡ ವರ್ಣತಂತುಗಳಿದ್ದವು. ಗಂಡಿನಲ್ಲೂ 20, ಆದರೆ 19 ದೊಡ್ಡವು, ಒಂದು ಮಾತ್ರ ಚಿಕ್ಕದು.

ಈ ಚಿಕ್ಕದೊಂದೇ ಕಥೆಯ ಜೀವಾಳ. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಜೋಡಿಗಳು ಬೇರ್ಪಟ್ಟು, ಪ್ರತಿಯೊಂದಕ್ಕೂ ಅರ್ಧದಷ್ಟು, ಅಂದರೆ 10 ವರ್ಣತಂತುಗಳು ಸಿಗುತ್ತವೆ. ಹೆಣ್ಣಿನ ಅಂಡಾಣುಗಳೆಲ್ಲ ಒಂದೇ ತರಹ, ಎಲ್ಲದರಲ್ಲೂ 10 ದೊಡ್ಡವು. ಗಂಡಿನ ವೀರ್ಯಾಣುಗಳಲ್ಲಿ ಮಾತ್ರ ಎರಡು ಪಂಗಡ. ಅರ್ಧದಲ್ಲಿ 10 ದೊಡ್ಡವು, ಉಳಿದರ್ಧದಲ್ಲಿ 9 ದೊಡ್ಡವು ಮತ್ತು ಆ ಒಂದು ಚಿಕ್ಕದು. ಮೊದಲ ಪಂಗಡದ್ದು ಅಂಡಾಣುವನ್ನು ಸೇರಿದರೆ ಹೆಣ್ಣು, ಎರಡನೆಯದ್ದು ಸೇರಿದರೆ ಗಂಡು. ಅಂಡಾಣುವಿನಲ್ಲಿ ವ್ಯತ್ಯಾಸವೇ ಇಲ್ಲದಿದ್ದ ಮೇಲೆ, ಮರಿ ಗಂಡೋ ಹೆಣ್ಣೋ ಎಂಬುದಕ್ಕೆ ತಾಯಿ ಹೇಗೆ ಕಾರಣಳಾಗುತ್ತಾಳೆ? 1905ರಲ್ಲಿ ನೆಟ್ಟಿ ಇದನ್ನು ಪ್ರಕಟಿಸಿದರು. ಮರುವರ್ಷ ಇನ್ನೂ ಅನೇಕ ಜಾತಿಯ ಜೀರುಂಡೆಗಳನ್ನು ಪರೀಕ್ಷಿಸಿ ಎರಡನೆಯ ಭಾಗ ಹೊರತಂದರು. ಆ ಚಿಕ್ಕ ವರ್ಣತಂತುವಿಗೆ 'ವೈ' ಎಂಬ ಹೆಸರು ಆಮೇಲೆ ಬಂದದ್ದು.

ಅದೇ 1905ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ಹೆಸರಾಂತ ವಿಜ್ಞಾನಿಯೂ ಬೇರೆ ಕೀಟಗಳಲ್ಲಿ ಸ್ವತಂತ್ರವಾಗಿ ಇಂಥದ್ದನ್ನೇ ಕಂಡಿದ್ದರು. ಬಹಳ ಕಾಲ ಪಠ್ಯಪುಸ್ತಕಗಳಲ್ಲಿ ಮೊದಲು ಬಂದದ್ದು ವಿಲ್ಸನ್ ಹೆಸರೇ. ನೆಟ್ಟಿಯ ಗುರು ಥಾಮಸ್ ಹಂಟ್ ಮಾರ್ಗನ್‌ರಿಗೆ ವರ್ಣತಂತುಗಳ ಕುರಿತ ಸಂಶೋಧನೆಗಾಗಿಯೇ 1933ರಲ್ಲಿ ನೊಬೆಲ್ ಬಂತು. ನೆಟ್ಟಿ ಅದನ್ನು ನೋಡಲು ಇರಲಿಲ್ಲ. ಕಾಲೇಜು ಅವರಿಗಾಗಿ ಸಂಶೋಧನಾ ಪ್ರೊಫೆಸರ್ ಹುದ್ದೆಯೊಂದನ್ನು ಸೃಷ್ಟಿಸಿತ್ತು. ಅದನ್ನು ವಹಿಸಿಕೊಳ್ಳುವ ಮೊದಲೇ, 1912ರ ಮೇ 4ರಂದು, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು ಬರೀ 50. ಸಂಶೋಧಕಿಯಾಗಿ ಅವರಿಗೆ ಸಿಕ್ಕಿದ್ದು ಹತ್ತು ಹನ್ನೆರಡು ವರ್ಷ ಮಾತ್ರ.

ಮನುಷ್ಯರ ವಿಷಯದಲ್ಲೂ ಲೆಕ್ಕ ಹೀಗೆಯೇ. ನಮ್ಮಲ್ಲಿ 46 ವರ್ಣತಂತುಗಳು, 23 ಜೋಡಿ. ತಾಯಿಯ ಅಂಡಾಣುವಿನಲ್ಲಿರುವುದು ಎಕ್ಸ್, ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ನಮ್ಮ ವೈಯಲ್ಲಿ ಗಂಡುತನದ ಕೀಲಿಯಂತಿರುವ ಜೀನನ್ನು 1990ರಲ್ಲಿ ಗುರುತಿಸಲಾಯಿತು. ಹಾಗೆಂದು ತಾಯಿಯ ಮೇಲಿನ ದೂರನ್ನು ಈಗ ತಂದೆಯ ತಲೆಗೆ ಕಟ್ಟಲು ಹೊರಡುವುದೂ ಸರಿಯಲ್ಲ. ಯಾವ ವೀರ್ಯಾಣು ಮೊದಲು ತಲುಪಬೇಕೆಂದು ಅವನೇನೂ ಆರಿಸುವುದಿಲ್ಲ. ಪ್ರತಿ ಸಲವೂ ಹೆಚ್ಚುಕಡಿಮೆ ಅರ್ಧಕ್ಕರ್ಧ ಸಾಧ್ಯತೆ. ಮೂರು ಹೆಣ್ಣಾಯಿತು, ನಾಲ್ಕನೆಯದ್ದು ಗಂಡಾಗಲೇಬೇಕು ಎಂಬ ಲೆಕ್ಕವೂ ತಪ್ಪು. ನಾಲ್ಕನೆಯ ಸಲವೂ ಅದೇ ಅರ್ಧಕ್ಕರ್ಧ.

ಜೀರುಂಡೆಗಳೆಲ್ಲ ಒಂದೇ ದಾರಿ ಹಿಡಿದಿವೆ ಎಂದೂ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರ ನಿದ್ದೆ ಕೆಡಿಸಿರುವ ಕಾಯಿಕೊರಕವೂ ಒಂದು ಪುಟ್ಟ ಜೀರುಂಡೆ. ಅದರಲ್ಲಿ ಸುಮಾರು ಹತ್ತು ಹೆಣ್ಣಿಗೆ ಒಂದು ಗಂಡು. ಗಂಡಿಗೆ ಹಾರಲೂ ಬರುವುದಿಲ್ಲ, ಹುಟ್ಟಿದ ಕಾಯಿಯೊಳಗೇ ಅದರ ಬದುಕು ಮುಗಿಯುತ್ತದೆ. ತಂದೆಯಿಂದ ಬಂದ ವರ್ಣತಂತುಗಳು ಆ ಗಂಡಿನ ದೇಹದಲ್ಲಿ ಮುದುಡಿ ಸುಮ್ಮನೆ ಕೂತಿರುತ್ತವೆ. ಕೆಲಸ ಮಾಡುವುದು ತಾಯಿಯ ಪಾಲು ಮಾತ್ರ, ಮುಂದಿನ ಪೀಳಿಗೆಗೆ ಹೋಗುವುದೂ ಅದೇ.

ನಮ್ಮ ಡಬ್ಬದ ಕೆಂಪು ಹುಳುವಿಗೆ ಬಂದರೆ, ಅದರಲ್ಲೂ 20 ವರ್ಣತಂತುಗಳು, ಗಂಡಿನಲ್ಲಿ ಅದೇ ಪುಟಾಣಿ ವೈ. ಸೂಕ್ಷ್ಮದರ್ಶಕದಲ್ಲಿ ಎಕ್ಸ್ ಬಿಚ್ಚಿದ ಪ್ಯಾರಾಶೂಟಿನಂತೆಯೂ, ವೈ ಅದಕ್ಕೆ ಜೋತುಬಿದ್ದ ಮನುಷ್ಯನಂತೆಯೂ ಕಾಣುತ್ತದೆಂದು ವಿಜ್ಞಾನಿಗಳು ಅದಕ್ಕೆ ಪ್ಯಾರಾಶೂಟ್ ಎಂದೇ ಹೆಸರಿಟ್ಟಿದ್ದಾರೆ! 2008ರಲ್ಲಿ, ಜೀರುಂಡೆಗಳ ಪೈಕಿ ಮೊತ್ತಮೊದಲು, ಇದರ ಸಂಪೂರ್ಣ ಜೀನ್ ನಕ್ಷೆ ಪ್ರಕಟವಾಯಿತು. ಹೆಣ್ಣು ಹುಳು ಕೂಡಿದ ನಂತರ ವೀರ್ಯಾಣುಗಳನ್ನು ತನ್ನೊಳಗಿನ ಸಣ್ಣ ಚೀಲದಲ್ಲಿ ತಿಂಗಳುಗಟ್ಟಲೆ ಕಾಪಿಟ್ಟುಕೊಂಡು, ಬೇಕಾದಂತೆ ಬಳಸಿ ನೂರಾರು ಮೊಟ್ಟೆಯಿಡುತ್ತದೆ. ಆದ್ದರಿಂದಲೇ ಜರಡಿ ಹಿಡಿದು ಎಲ್ಲ ಹುಳು ತೆಗೆದೆವೆಂದು ನಾವು ನೆಮ್ಮದಿಯಿಂದಿದ್ದರೂ ತಿಂಗಳೊಪ್ಪತ್ತಿನಲ್ಲಿ ಡಬ್ಬ ಮತ್ತೆ ತುಂಬಿರುತ್ತದೆ. ಉಳಿದುಕೊಂಡ ಒಂದೇ ಒಂದು ಹೆಣ್ಣು ಸಾಕು. ಮೊಟ್ಟೆಗಳಂತೂ ಹಿಟ್ಟಿನ ಬಣ್ಣಕ್ಕೇ ಹೊಂದಿಕೊಂಡು ಜರಡಿಯ ಕಣ್ಣಿನಲ್ಲಿ ಜಾರಿಹೋಗುತ್ತವೆ. ಹೊಸ ಹಿಟ್ಟು ತಂದ ಕೂಡಲೇ ಪೊಟ್ಟಣ ಸಮೇತ ನಾಲ್ಕೈದು ದಿನ ಫ್ರೀಝರಿನಲ್ಲಿಟ್ಟು, ಹೊರಗೆ ತೆಗೆದು ತಣ್ಣಗಿನ ತೇವ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ. ಹಳೆಯ ಹಿಟ್ಟಿನ ಮೇಲೆ ಹೊಸತನ್ನು ಸುರಿಯಬೇಡಿ, ಡಬ್ಬದ ಮೂಲೆಗಳನ್ನು ಒಣ ಬಟ್ಟೆಯಿಂದ ಒರೆಸಿ.

ಅಂದಹಾಗೆ, ಗೋಡೆಯ ಕಡೆ ತಿರುಗಿ ಮಲಗಿದ್ದ ಆ ಬಂಧುವಿಗೆ ಈ ಕಥೆಯನ್ನು ಆಮೇಲೊಂದು ದಿನ ಹೇಳಿದೆ. ಪೂರ್ತಿ ಕೇಳಿ, "ಇದನ್ನು ನನಗಲ್ಲ, ಅತ್ತೆ ಇರುವಾಗ ಒಮ್ಮೆ ಬಂದು ಹೇಳಿ" ಎಂದಳು. ಹೋಗಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳಕ್ಕೂ ಮನುಷ್ಯನಿಗೂ ಒಂದೇ ಲೆಕ್ಕವಾ?" ಎಂದು ಕೇಳಿ, ಮಗುವನ್ನು ನನ್ನ ಮಡಿಲಿನಿಂದ ತಮ್ಮ ಮಡಿಲಿಗೆ ಎತ್ತಿಕೊಂಡರು.